ಹೆಸರು ಹಾಕದೆ ಬರೆದ ಕೇಸ್, ಆದರೂ ಮನೆಯವರು ಗುರುತು ಹಿಡಿದರು. ಡಾಕ್ಟರುಗಳು ಸೋಶಿಯಲ್ ಮೀಡಿಯಾದಲ್ಲಿ ಎಷ್ಟು ಬರೆಯಬಹುದು?

ಸಂಜೆ_ಓಪಿಡಿ
ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಜನರಲ್ ಮೆಡಿಸಿನ್ ಡಾಕ್ಟರ್. ಎರಡು ವರ್ಷದಿಂದ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಿಪಿ ಮಾತ್ರೆಯನ್ನು ನಮ್ಮಷ್ಟಕ್ಕೆ ನಾವೇ ಯಾಕೆ ನಿಲ್ಲಿಸಬಾರದು, ಆಂಟಿಬಯಾಟಿಕ್ ಯಾವಾಗ ಬೇಡ, ಇಂಥ ವಿಷಯಗಳು. ಜನ ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ. ನನಗೂ ಖುಷಿ.

ಕಳೆದ ವಾರ ಒಂದು ಕೇಸ್ ಬಗ್ಗೆ ಬರೆದೆ. ಅರವತ್ತು ದಾಟಿದ ನಿವೃತ್ತ ಟೀಚರ್. ಮೂರು ವಾರದಿಂದ ಹಣೆಯ ಪಕ್ಕ ನೋವು. ತಲೆ ಬಾಚಿದರೆ ನೆತ್ತಿ ನೋಯುತ್ತದೆ. ಅಗಿಯುವಾಗ ದವಡೆ ಹಿಡಿದುಕೊಳ್ಳುತ್ತದೆ. ನೋವಿನ ಮಾತ್ರೆ ನುಂಗಿ ಸುಮ್ಮನಿದ್ದರು. ನನ್ನ ಹತ್ತಿರ ಬರುವಷ್ಟರಲ್ಲಿ ಒಂದು ಕಣ್ಣು ಕಾಣುತ್ತಿರಲಿಲ್ಲ. ಜೈಂಟ್ ಸೆಲ್ ಆರ್ಟರೈಟಿಸ್. ತಲೆಯ ರಕ್ತನಾಳಗಳು ಉರಿಯೂತದಿಂದ ಊದಿಕೊಳ್ಳುವ, ಐವತ್ತು ದಾಟಿದವರಿಗೆ ಬರುವ ಕಾಯಿಲೆ. ಬೇಗ ಸ್ಟಿರಾಯ್ಡ್ ಕೊಟ್ಟರೆ ಕಣ್ಣು ಉಳಿಸಬಹುದು, ಹೋದ ದೃಷ್ಟಿ ಮರಳುವುದು ಅಪರೂಪ. ಅದನ್ನೇ ಹೇಳಬೇಕಿತ್ತು. ಹೆಸರು ಹಾಕಲಿಲ್ಲ, ಊರು ಹಾಕಲಿಲ್ಲ.

ಮಾರನೇ ದಿನ ಬೆಳಗ್ಗೆ ಕೆಳಗೆ ಒಂದು ಕಾಮೆಂಟ್. "ಇದು ನಮ್ಮ ಅಮ್ಮ ಅಲ್ವಾ ಡಾಕ್ಟ್ರೇ?"

ಕಣ್ಣು ಹೋದ ವಿಷಯ ಅವರು ಹತ್ತಿರದ ನೆಂಟರಿಗೂ ಹೇಳಿರಲಿಲ್ಲವಂತೆ. ಪೋಸ್ಟ್ ಓದಿ ಫೋನ್ ಮೇಲೆ ಫೋನ್. ತಕ್ಷಣ ಅಳಿಸಿದೆ. ಅಷ್ಟರಲ್ಲಿ ಎಷ್ಟೋ ಜನ ಹಂಚಿಕೊಂಡಿದ್ದರು. ಎರಡು ರಾತ್ರಿ ನಿದ್ದೆ ಬಂದಿಲ್ಲ. ಬರೆಯುವುದನ್ನೇ ನಿಲ್ಲಿಸಬೇಕಾ? ನಿಲ್ಲಿಸದಿದ್ದರೆ ಹೇಗೆ ಬರೆಯಬೇಕು?

ಹಳೇ_ಸ್ಟೆತ್
ನಿಲ್ಲಿಸಿ ಮೇಡಂ. 31 ವರ್ಷದ ಸರ್ವಿಸ್ ನನ್ನದು. ಚಿಕಿತ್ಸೆ ಮಾಡುವಾಗ ಕಂಡದ್ದು ಕೇಳಿದ್ದು ಹೊರಗೆ ಹೇಳಬಾರದು ಅಂತ ಡಾಕ್ಟರುಗಳ ಹಳೆಯ ಪ್ರತಿಜ್ಞೆ, ಹಿಪೊಕ್ರೆಟಿಸ್ ಪ್ರತಿಜ್ಞೆಯಲ್ಲೇ ಇದೆ. ಎರಡು ಸಾವಿರ ವರ್ಷ ದಾಟಿದ ಮಾತು. ಫೇಸ್‌ಬುಕ್ ಬಂತು ಅಂತ ಅದು ಬದಲಾಗಲ್ಲ. ಡಾಕ್ಟರ ಕೆಲಸ ರೋಗಿಯ ಎದುರು ಕೂತು ಮಾಡುವ ಕೆಲಸ.

ಓದುಗ_ಗೆಳತಿ
ಸರ್, ನಾನು ಡಾಕ್ಟರ್ ಅಲ್ಲ. ನಮ್ಮ ಅಪ್ಪ ತಲೆಸುತ್ತು ನಿಂತಿತು ಅಂತ ಬಿಪಿ ಮಾತ್ರೆ ಬಿಟ್ಟಿದ್ದರು. ಯಾರು ಹೇಳಿದರೂ ಕೇಳಲಿಲ್ಲ. ಒಬ್ಬ ಡಾಕ್ಟರ್ ಎರಡು ನಿಮಿಷದ ವಿಡಿಯೋದಲ್ಲಿ "ಬಿಪಿ ಕಂಟ್ರೋಲ್‌ನಲ್ಲಿ ಇರುವುದೇ ಮಾತ್ರೆಯಿಂದ" ಅಂದರು. ಅಷ್ಟೇ. ಮಾರನೇ ದಿನದಿಂದ ಶುರು ಮಾಡಿದರು. ಮೇಡಂ, ದಯವಿಟ್ಟು ನಿಲ್ಲಿಸಬೇಡಿ.

ವಾರ್ಡ್_ಸಿಸ್ಟರ್
ಮೇಡಂ, ಮೊದಲು ಆ ತಾಯಿಗೆ ಫೋನ್ ಮಾಡಿದ್ರಾ? ಕಾಮೆಂಟ್ ಹಾಕಿದ ಮಗಳಿಗಲ್ಲ, ಅಮ್ಮನಿಗೆ. ಉಳಿದದ್ದೆಲ್ಲ ಆಮೇಲೆ.

ಸಂಜೆ_ಓಪಿಡಿ
ಇನ್ನೂ ಮಾಡಿಲ್ಲ ಸಿಸ್ಟರ್. ಏನು ಹೇಳಬೇಕೋ ತಿಳಿಯುತ್ತಿಲ್ಲ. ಇವತ್ತು ಮಾಡುತ್ತೇನೆ.

ಎಕ್ಸ್‌ರೇ_ರೂಮ್
ಹೆಸರು ತೆಗೆದರೆ ಗುರುತು ಹೋಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ನೀವು ಬರೆದದ್ದನ್ನೇ ನೋಡಿ. ವಯಸ್ಸು, ಕೆಲಸ, ಮೂರು ವಾರ, ಒಂದು ಕಣ್ಣು. ಬೇರೆ ಬೇರೆ ಇಟ್ಟರೆ ಏನೂ ಇಲ್ಲ. ಒಟ್ಟಿಗೆ ಇಟ್ಟರೆ ಗೊತ್ತಿದ್ದವರಿಗೆ ಅವರೊಬ್ಬರೇ ಕಾಣುತ್ತಾರೆ. ರೋಗಿಗಳ ಮಾಹಿತಿ ಗುಟ್ಟಾಗಿಡಲು ಇರುವ ಅಮೆರಿಕದ ಹಿಪಾ ಕಾನೂನಿನಲ್ಲಿ ಗುರುತು ತೆಗೆಯುವುದಕ್ಕೆ 18 ಬಗೆಯ ವಿವರಗಳ ಪಟ್ಟಿಯೇ ಇದೆ. ಹೆಸರು ಅದರಲ್ಲಿ ಒಂದು ಮಾತ್ರ. ಅಡ್ಮಿಟ್ ಆದ ತಾರೀಖು, ಫೋನ್ ನಂಬರ್, ಪೂರ್ತಿ ಮುಖದ ಫೋಟೋ, ಒಳಗೆ ಕೂರಿಸಿದ ಸಾಧನದ ಸೀರಿಯಲ್ ನಂಬರ್, ಎಲ್ಲ ಬರುತ್ತದೆ. ಪೇಸ್‌ಮೇಕರ್ ಎಕ್ಸ್‌ರೇ ಹಾಕುವವರು ಇದನ್ನು ಯೋಚಿಸಿರುತ್ತಾರಾ?

ನಮ್ಮ ಕೋಣೆಯಲ್ಲಿ ದಿನಾ ನೋಡುವುದು ಇನ್ನೊಂದು. ಫಿಲ್ಮ್‌ನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹೆಸರು, ವಯಸ್ಸು, ಐಡಿ, ತಾರೀಖು, ಗಂಟೆ ಇರುತ್ತದೆ. ಡಾಕ್ಟರ್ ಮಾನಿಟರ್‌ಗೆ ಮೊಬೈಲ್ ಹಿಡಿದು ಫೋಟೋ ತೆಗೆಯುತ್ತಾರೆ. ಮುರಿದ ಮೂಳೆ ಚೆನ್ನಾಗಿ ಬಂತಾ ಅಂತ ನೋಡುತ್ತಾರೆ, ಮೂಲೆ ನೋಡುವುದಿಲ್ಲ. ಪಕ್ಕದ ಲಿಸ್ಟ್‌ನಲ್ಲಿ ಇನ್ನೂ ಆರು ರೋಗಿಗಳ ಹೆಸರು ಇರುತ್ತದೆ.

ಮೂರನೇ_ವರ್ಷ
ಮುಖದ ಫೋಟೋ ಆದರೆ ಕಣ್ಣಿನ ಮೇಲೆ ಕಪ್ಪು ಪಟ್ಟಿ ಹಾಕಿದರೆ ಸಾಕಲ್ವಾ? ಎಷ್ಟೋ ಕಡೆ ನೋಡಿದ್ದೇನೆ.

ಎಕ್ಸ್‌ರೇ_ರೂಮ್
ಸಾಕಾಗಲ್ಲ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಐಸಿಎಂಜೆಇ, ಇದನ್ನು ನೇರವಾಗಿಯೇ ಹೇಳಿದೆ. ಕಣ್ಣು ಮುಚ್ಚಿದ ಮಾತ್ರಕ್ಕೆ ಗುರುತು ಮುಚ್ಚುವುದಿಲ್ಲ. ಮೂಗು, ಗಲ್ಲ, ಮಚ್ಚೆ, ಹಚ್ಚೆ, ಕಿವಿಯೋಲೆ, ಇಷ್ಟು ಸಾಕು ಮನೆಯವರಿಗೆ.

ಕೀಬೋರ್ಡ್_ಕೆಲಸ
ನಾನು ಸಾಫ್ಟ್‌ವೇರ್‌ನವನು. ಡಾಕ್ಟರುಗಳ ಫೋಟೋ ನೋಡಿ ಭಯವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ರಿಪೋರ್ಟ್ ಮೇಲೆ ಮೊಬೈಲ್‌ನ ಮಾರ್ಕರ್‌ನಿಂದ ಕಪ್ಪು ಗೀಚುತ್ತೀರಲ್ಲ, ಎಷ್ಟೋ ಫೋನ್‌ನಲ್ಲಿ ಅದು ಪೂರ್ತಿ ಕಪ್ಪಲ್ಲ. ತೆಳು ಬಣ್ಣದ ಪದರ. ಬ್ರೈಟ್‌ನೆಸ್ ಜಾಸ್ತಿ ಮಾಡಿದರೆ ಕೆಳಗಿನ ಹೆಸರು ಕಾಣುತ್ತದೆ. ಕ್ರಾಪ್ ಮಾಡಿದೆ, ಇನ್ನು ಚಿಂತೆ ಇಲ್ಲ ಅನ್ನುವುದೂ ಬೇಡ. 2023ರಲ್ಲಿ ಗೂಗಲ್ ಪಿಕ್ಸೆಲ್ ಫೋನ್‌ಗಳ ಸ್ಕ್ರೀನ್‌ಶಾಟ್ ಟೂಲ್‌ನಲ್ಲಿ ಒಂದು ದೋಷ ಹೊರಬಂತು. ಕತ್ತರಿಸಿದ ಭಾಗ ಫೈಲ್‌ನ ಒಳಗೇ ಉಳಿದಿರುತ್ತಿತ್ತು, ಅದನ್ನು ಮತ್ತೆ ತೆಗೆಯಲು ಆಗುತ್ತಿತ್ತು. ಆಮೇಲೆ ಸರಿಪಡಿಸಿದರು, ಆದರೆ ಅದಕ್ಕೂ ಮುಂಚೆ ಹಂಚಿದ ಚಿತ್ರಗಳು ಹಾಗೇ ಇದ್ದವು.

ಇನ್ನು ಫೋಟೋ ಫೈಲ್‌ನಲ್ಲೇ ತೆಗೆದ ಗಂಟೆ, ಕೆಲವೊಮ್ಮೆ ಜಾಗ ಕೂಡ ಸೇರಿರುತ್ತದೆ. ದೊಡ್ಡ ಆ್ಯಪ್‌ಗಳು ಅಪ್‌ಲೋಡ್ ಮಾಡುವಾಗ ಸಾಮಾನ್ಯವಾಗಿ ಅದನ್ನು ತೆಗೆಯುತ್ತವೆ. ಅದೇ ಫೋಟೋ ಇಮೇಲ್‌ನಲ್ಲೋ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೋ ಹೋದರೆ ಹಾಗೇ ಹೋಗುತ್ತದೆ.

ಹಳೇ_ಸ್ಟೆತ್
ನೋಡಿ, ಒಂದೊಂದು ಹೆಜ್ಜೆಗೂ ಒಂದೊಂದು ಹೊಂಡ. ಇಷ್ಟೆಲ್ಲ ತಿಳಿದುಕೊಂಡು ಬರೆಯುವ ಬದಲು ಸುಮ್ಮನಿರುವುದು ಲೇಸು ಅಲ್ವಾ?

ಜನಾರೋಗ್ಯ
ಸರ್, ನಾವು ಬಿಟ್ಟ ಜಾಗ ಖಾಲಿ ಇರುವುದಿಲ್ಲ. ಬೇರೆಯವರು ಬಂದು ಕೂರುತ್ತಾರೆ.

1998ರಲ್ಲಿ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್‌ನಲ್ಲಿ ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಸಂಬಂಧ ಇರಬಹುದು ಅನ್ನುವ ಲೇಖನ ಬಂತು. ಹನ್ನೆರಡು ಮಕ್ಕಳ ಮೇಲೆ ಬರೆದದ್ದು. 2010ರಲ್ಲಿ ಜರ್ನಲ್ ಅದನ್ನು ಹಿಂತೆಗೆದುಕೊಂಡಿತು, ಮುಖ್ಯ ಲೇಖಕರ ಹೆಸರನ್ನು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದಲೇ ತೆಗೆದರು. ಆದರೆ ಇವತ್ತಿಗೂ ಅದೇ ಮಾತು ಫಾರ್ವರ್ಡ್ ಆಗಿ ಬರುತ್ತದೆ. ಆ ಫಾರ್ವರ್ಡ್ ಓದಿದ ತಾಯಿಗೆ ಅವತ್ತು ರಾತ್ರಿ ಹನ್ನೊಂದಕ್ಕೆ ಉತ್ತರ ಬೇಕು. ಓಪಿಡಿ ಬೆಳಗ್ಗೆ ತೆರೆಯುತ್ತದೆ.

ಇನ್ನೊಂದು ವಿಷಯ. ಏನು ಹೇಳುತ್ತೇವೆ ಅನ್ನುವಷ್ಟೇ ಹೇಗೆ ಹೇಳುತ್ತೇವೆ ಅನ್ನುವುದೂ ದೊಡ್ಡದು. ಬ್ರಿಟನ್ನಿನಲ್ಲಿ 1995ರ ಅಕ್ಟೋಬರ್‌ನಲ್ಲಿ ಒಂದು ಎಚ್ಚರಿಕೆ ಹೊರಟಿತು. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು, ಅಂದರೆ ನೂರಕ್ಕೆ ನೂರು ಜಾಸ್ತಿ. ಸುದ್ದಿ ಕೇಳಿ ಸಾವಿರಾರು ಹೆಂಗಸರು ಮಾತ್ರೆ ಬಿಟ್ಟರು. ನಿಜವಾಗಿ ಏನಾಗಿತ್ತು ಅಂದರೆ, 7000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತಿತ್ತು. ಬೇಡದ ಬಸಿರು ಹೆಚ್ಚಿತು. ಮರು ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತ ಹೆಚ್ಚಾದವು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತಲೂ ಹೆಚ್ಚು.

ಅದಕ್ಕೇ ನಾನು "ಎರಡು ಪಟ್ಟು", "ಅರ್ಧಕ್ಕರ್ಧ ಕಡಿಮೆ" ಅಂತ ಬರೆಯುವುದನ್ನೇ ಬಿಟ್ಟೆ. ಎಷ್ಟು ಜನರಲ್ಲಿ ಎಷ್ಟು ಜನ ಅಂತ ಬರೆಯುತ್ತೇನೆ. ಓದುವವರ ಕಣ್ಣಿಗೆ ಜನ ಕಾಣಬೇಕು.

ಓದುಗ_ಗೆಳತಿ
7000ದಲ್ಲಿ ಇಬ್ಬರು ಅಂತ ಹೇಳಿದ್ದರೆ ನಾನಂತೂ ಹೆದರುತ್ತಿರಲಿಲ್ಲ.

ಹಳೇ_ಸ್ಟೆತ್
ಈ ಮಾತು ಒಪ್ಪುತ್ತೇನೆ. ನನ್ನ ವಿರೋಧ ತಿಳಿಹೇಳುವುದಕ್ಕಲ್ಲ. ಆಪರೇಷನ್ ಥಿಯೇಟರ್‌ನಲ್ಲಿ ಕುಣಿದು ವಿಡಿಯೋ ಹಾಕುವುದಕ್ಕೆ.

ಮೂರನೇ_ವರ್ಷ
ಡಾಕ್ಟರ್ ಕುಣಿಯಲೇಬಾರದಾ ಸರ್? ಡ್ಯೂಟಿ ಮುಗಿದ ಮೇಲೆ ನಾವೂ ಮನುಷ್ಯರೇ. 2020ರಲ್ಲಿ ಒಂದು ವಾಸ್ಕ್ಯುಲರ್ (ರಕ್ತನಾಳದ) ಸರ್ಜರಿ ಜರ್ನಲ್‌ನ ಲೇಖನ ದೊಡ್ಡ ಗಲಾಟೆ ಆಯಿತಲ್ಲ. ಕಿರಿಯ ಸರ್ಜನ್‌ಗಳ ಅಕೌಂಟ್‌ಗಳನ್ನು ಅವರಿಗೆ ತಿಳಿಸದೆ ನೋಡಿ, ಬಿಕಿನಿ ಫೋಟೋ ಹಾಕಿದ್ದನ್ನೂ ವೃತ್ತಿಗೆ ತಕ್ಕದ್ದಲ್ಲದ ಲೆಕ್ಕಕ್ಕೆ ಸೇರಿಸಿದ್ದರು. ಲೋಕದ ಎಲ್ಲ ಕಡೆ ಮಹಿಳಾ ಡಾಕ್ಟರುಗಳು ಮೆಡ್‌ಬಿಕಿನಿ ಅನ್ನುವ ಹ್ಯಾಷ್‌ಟ್ಯಾಗ್‌ನಲ್ಲಿ ತಮ್ಮ ಫೋಟೋ ಹಾಕಿದರು. ಲೇಖನ ಹಿಂತೆಗೆದುಕೊಂಡರು.

ಹಳೇ_ಸ್ಟೆತ್
ಸಮುದ್ರ ತೀರದಲ್ಲಿ ಯಾರು ಏನು ಉಟ್ಟರೂ ನನಗೇನಮ್ಮ. ಅದು ನಿಮ್ಮ ಸ್ವಂತ ಸಮಯ. ನಾನು ಹೇಳಿದ್ದು ಥಿಯೇಟರ್ ಬಗ್ಗೆ. ಟೇಬಲ್ ಮೇಲೆ ಒಬ್ಬರು ಪ್ರಜ್ಞೆ ಇಲ್ಲದೆ ಮಲಗಿರುತ್ತಾರೆ.

ವಾರ್ಡ್_ಸಿಸ್ಟರ್
ಸರ್ ಹೇಳುವುದು ನಿಜ. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ವಾರ್ಡ್‌ನ ಕಾರಿಡಾರ್‌ನಲ್ಲಿ ಸ್ಟಾಫ್ ಒಂದು ವಿಡಿಯೋ ಮಾಡುತ್ತಿದ್ದರು. ಹುಟ್ಟುಹಬ್ಬ, ಕೇಕ್, ನಗು. ತಪ್ಪೇನಿಲ್ಲ. ಹಿಂದೆ ಪರದೆ ಅರ್ಧ ಸರಿದಿತ್ತು. ಒಳಗೆ ಒಬ್ಬ ಹೆಂಗಸು ಗಂಡನ ಕಾಲು ಒತ್ತುತ್ತಾ ಕೂತಿದ್ದರು. ಆ ದಿನ ಬೆಳಗ್ಗೆಯಷ್ಟೇ ಡಾಕ್ಟರ್ ಅವರಿಗೆ ಇನ್ನು ಏನೂ ಮಾಡಲು ಆಗಲ್ಲ ಅಂದಿದ್ದರು. ವಿಡಿಯೋದಲ್ಲಿ ಅವರ ಮುಖ ಎರಡು ಸೆಕೆಂಡ್ ಬರುತ್ತದೆ. ಸಿಬ್ಬಂದಿಯಲ್ಲಿ ಯಾರಿಗೂ ಅದು ಕಾಣಲೇ ಇಲ್ಲ. ನಾನು ಹೇಳಿದ ಮೇಲೆ ತೆಗೆದರು.

ಈಗ ಯಾರು ಫೋನ್ ಎತ್ತಿದರೂ ನಾನು ಮೊದಲು ಹಿಂದೆ ಏನಿದೆ ನೋಡುತ್ತೇನೆ. ಬೋರ್ಡ್ ಮೇಲೆ ಬೆಡ್ ನಂಬರ್ ಎದುರು ಹೆಸರು, ಕೇಸ್ ಶೀಟ್, ಮಾನಿಟರ್, ಪರದೆ.

ಕತ್ತರಿ_ಹೊಲಿಗೆ
ಸರ್ಜನ್ ನಾನು. ಆಪರೇಷನ್ ವಿಡಿಯೋ ಹಾಕುತ್ತೇನೆ, ಒಪ್ಪಿಗೆ ಇಲ್ಲದೆ ಹಾಕಲ್ಲ. ಆಪರೇಷನ್ ಒಪ್ಪಿಗೆ ಪತ್ರದ ಕೆಳಗೆ "ಫೋಟೋ ಬಳಸಬಹುದು" ಅಂತ ಒಂದು ಸಾಲು ಸೇರಿಸಿ ಸಹಿ ಹಾಕಿಸಿದರೆ ಅದು ಒಪ್ಪಿಗೆ ಅಲ್ಲ. ನಾನು ಬೇರೆಯೇ ಕಾಗದ ಇಟ್ಟಿದ್ದೇನೆ. ಯಾವ ಆ್ಯಪ್, ಯಾವ ಚಿತ್ರ, ಯಾರು ನೋಡಬಹುದು, ಎಲ್ಲ ಬರೆದಿರುತ್ತದೆ. ಒಮ್ಮೆ ಹೊರಗೆ ಹೋದರೆ ನಾನು ಅಳಿಸಿದರೂ ಬೇರೆ ಕಡೆ ಉಳಿಯಬಹುದು ಅಂತ ಬಾಯಲ್ಲೂ ಹೇಳುತ್ತೇನೆ. ಬೇಡ ಅಂದರೆ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸ ಆಗಲ್ಲ ಅಂತಲೂ ಹೇಳುತ್ತೇನೆ. ಹಾಕುವ ಮೊದಲು ರೆಡಿ ಆದ ವಿಡಿಯೋ ಅವರಿಗೆ ತೋರಿಸುತ್ತೇನೆ. ನೋಡಿದ ಮೇಲೆ ಬೇಡ ಅಂದವರೂ ಇದ್ದಾರೆ. ಬಿಟ್ಟುಬಿಟ್ಟೆ.

ಪುಟ್ಟಿಯ_ಅಮ್ಮ
ಸರ್, ನೀವು ಹೇಳಿದಂತೆ ಎಲ್ಲರೂ ಮಾಡಲ್ಲ. ನನ್ನ ಮಗಳಿಗೆ ಹುಟ್ಟಿನಿಂದ ತುಟಿ ಸೀಳಿತ್ತು. ಅವಳನ್ನು ಥಿಯೇಟರ್ ಒಳಗೆ ಕರೆದುಕೊಂಡು ಹೋಗುವ ಹೊತ್ತಿಗೆ ಒಬ್ಬರು ಬಂದು ಫೋಟೋ ಹಾಕಬಹುದಾ ಅಂತ ಕೇಳಿದರು. ಮಗು ಅವರ ಕೈಯಲ್ಲಿದೆ. ನಾನು ಇಲ್ಲ ಅನ್ನಲು ಆಗುತ್ತಾ? ಹೂಂ ಅಂದೆ. ಆಪರೇಷನ್ ತುಂಬಾ ಚೆನ್ನಾಗಿ ಮಾಡಿದರು, ಆ ಋಣ ಯಾವತ್ತೂ ಇದೆ.

ಈಗ ಅವಳಿಗೆ ಹತ್ತು ವರ್ಷ. ಹಳೆಯ ಫೋಟೋ ಕ್ಲಾಸಿನ ಹುಡುಗನೊಬ್ಬನ ಫೋನ್‌ಗೆ ಹೇಗೋ ಸಿಕ್ಕಿದೆ. ಮನೆಗೆ ಬಂದು "ನನ್ನನ್ನು ಕೇಳಿದ್ರಾ ಅಮ್ಮ?" ಅಂದಳು. ಕೇಳಿರಲಿಲ್ಲ. ಅವಳಿಗೆ ಆಗ ಐದು ತಿಂಗಳು.

ಕತ್ತರಿ_ಹೊಲಿಗೆ
ಅಮ್ಮಾ, ಓದಿ ಮನಸ್ಸಿಗೆ ತುಂಬಾ ಬೇಜಾರಾಯಿತು. ಮಕ್ಕಳ ಎರಡು ವಿಡಿಯೋ ನನ್ನ ಪೇಜ್‌ನಲ್ಲಿ ಇವೆ, ಅಪ್ಪ ಅಮ್ಮನ ಸಹಿ ಇದೆ. ಇವತ್ತು ತೆಗೆಯುತ್ತೇನೆ. ಇನ್ನು ಮುಂದೆ ಮಕ್ಕಳದ್ದಾದರೆ ಚಿತ್ರ ಬರೆಸಿ ತೋರಿಸುತ್ತೇನೆ.

ಪುಟ್ಟಿಯ_ಅಮ್ಮ
ಥ್ಯಾಂಕ್ಸ್ ಸರ್. ಹಾಕಿದ ಫೋಟೋ ಅಳಿಸಿ ಅಂತ ಆ ಡಾಕ್ಟರ್ ಪೇಜ್‌ಗೆ ಬರೆದು ಕೇಳಬಹುದು ಅಂತ ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಆಮೇಲೆ ಬರೆದೆ, ಒಂದೇ ದಿನಕ್ಕೆ ತೆಗೆದರು.

ಚರ್ಮದ_ಡಾಕ್ಟರ್
ನನ್ನ ತಲೆನೋವು ಬೇರೆ. ಇನ್‌ಬಾಕ್ಸ್. ದಿನಕ್ಕೆ ಮೂವತ್ತು ಫೋಟೋ ಬರುತ್ತವೆ. "ಡಾಕ್ಟ್ರೇ ಇದೇನು, ಏನು ಹಚ್ಚಲಿ?" ಉತ್ತರ ಕೊಡದಿದ್ದರೆ ಅಹಂಕಾರ ಅನ್ನುತ್ತಾರೆ. ಕೊಟ್ಟರೆ ನೋಡದೆ ಚಿಕಿತ್ಸೆ ಮಾಡಿದಂತೆ. ಮಂದ ಬೆಳಕಿನಲ್ಲಿ ತೆಗೆದ ಮಚ್ಚೆಯ ಫೋಟೋ ನೋಡಿ ಏನೂ ಇಲ್ಲ ಅಂತ ನಾನು ಬರೆದುಬಿಟ್ಟರೆ, ಅದು ಮೆಲನೋಮಾ, ಅಂದರೆ ಚರ್ಮದ ಕ್ಯಾನ್ಸರ್ ಆಗಿದ್ದರೆ?

ಎಮರ್ಜೆನ್ಸಿ_ರಾತ್ರಿಪಾಳಿ
ನನಗೆ ಒಮ್ಮೆ ರಾತ್ರಿ 2ಕ್ಕೆ ಮೆಸೇಜ್ ಬಂದಿತ್ತು. "ಎಡಗೈ ಸೆಳೀತಿದೆ, ಬೆವರು ಬರ್ತಿದೆ, ಗ್ಯಾಸ್ ಇರಬಹುದಾ ಸರ್?" ನಾನು ನೋಡಿದ್ದು ಬೆಳಗ್ಗೆ ಏಳಕ್ಕೆ. ಅದೃಷ್ಟಕ್ಕೆ ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದ್ದರು. ಹಾರ್ಟ್ ಅಟ್ಯಾಕ್ ಆಗಿತ್ತು, ಉಳಿದರು. ಆ ಐದು ಗಂಟೆ ಅವರು ನನ್ನ ಉತ್ತರಕ್ಕೆ ಕಾದಿದ್ದರೆ ಅನ್ನುವುದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಅವತ್ತೇ ಇನ್‌ಬಾಕ್ಸ್‌ಗೆ ತಾನಾಗಿ ಹೋಗುವ ಉತ್ತರ ಹಾಕಿದೆ. ಪೇಜ್‌ನ ತಲೆಯಲ್ಲೂ ಅದನ್ನೇ ಪಿನ್ ಮಾಡಿದೆ. "ಇಲ್ಲಿ ಚಿಕಿತ್ಸೆ ಇಲ್ಲ, ಮೆಸೇಜ್ ತಕ್ಷಣ ನೋಡಲು ಆಗುವುದಿಲ್ಲ. ಎದೆನೋವು, ಉಸಿರಾಟದ ತೊಂದರೆ, ಒಂದು ಕಡೆ ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು ಇದ್ದರೆ ಈಗಲೇ ಎಮರ್ಜೆನ್ಸಿಗೆ ಹೋಗಿ." ಇಷ್ಟೇ.

ಚರ್ಮದ ಡಾಕ್ಟರೇ, ನಿಮ್ಮ ಇನ್‌ಬಾಕ್ಸ್‌ನಲ್ಲಿ ಪದೇಪದೇ ಬರುವ ಪ್ರಶ್ನೆಗೆ ಎಲ್ಲರಿಗೂ ಕಾಣುವಂತೆ ಒಂದು ಪೋಸ್ಟ್ ಬರೆಯಿರಿ. ಯಾವ ಮಚ್ಚೆಯನ್ನು ತೋರಿಸಲೇಬೇಕು ಅಂತ. ಯಾರ ಫೋಟೋಗೂ ಉತ್ತರ ಕೊಟ್ಟಂತಾಗಲ್ಲ, ಎಲ್ಲರಿಗೂ ಕೊಟ್ಟಂತೆಯೂ ಆಗುತ್ತದೆ.

ಚರ್ಮದ_ಡಾಕ್ಟರ್
ಇದು ಚೆನ್ನಾಗಿದೆ. ಆಕಾರ ಎರಡು ಕಡೆ ಒಂದೇ ಇಲ್ಲದಿರುವುದು, ಅಂಚು ಅಂಕುಡೊಂಕು, ಒಂದೇ ಮಚ್ಚೆಯಲ್ಲಿ ಹಲವು ಬಣ್ಣ, 6 ಮಿಲಿಮೀಟರ್‌ಗಿಂತ ದೊಡ್ಡದು, ಬದಲಾಗುತ್ತಿರುವುದು. ಐದು ಚಿತ್ರದಲ್ಲಿ ಆಗುತ್ತದೆ.

ಕ್ಲಿನಿಕ್_ಮಾಲೀಕ
ರಿವ್ಯೂ ಬಗ್ಗೆ ಯಾರೂ ಹೇಳಲೇ ಇಲ್ಲ. ಒಬ್ಬರು ನನಗೆ ಒಂದು ಸ್ಟಾರ್ ಕೊಟ್ಟು ಸುಳ್ಳು ಬರೆದಿದ್ದಾರೆ. ನಿಜ ಏನೆಂದರೆ, ಅವರೇ ಮೂರು ಸಲ ಫಾಲೋಅಪ್‌ಗೆ ಬರಲಿಲ್ಲ, ಇಂಜೆಕ್ಷನ್ ತಾವೇ ನಿಲ್ಲಿಸಿದರು. ನಾನು ಇದನ್ನು ಕೆಳಗೆ ಬರೆಯಬಾರದಾ? ಸುಳ್ಳನ್ನು ಸುಮ್ನೆ ಬಿಡಬೇಕಾ?

ಕತ್ತರಿ_ಹೊಲಿಗೆ
ಬರೆಯಬೇಡಿ. ಅವರು ತಮ್ಮ ಕಾಯಿಲೆ ಬಗ್ಗೆ ಏನು ಬೇಕಾದರೂ ಬರೆಯಬಹುದು, ಅದು ಅವರದು. ನೀವು "ಹೌದು, ನೀವು ನನ್ನ ಹತ್ತಿರ ಬಂದಿದ್ದಿರಿ" ಅಂದರೂ ಗುಟ್ಟು ಬಿಟ್ಟುಕೊಟ್ಟಂತೆ. "ಯಾರ ಚಿಕಿತ್ಸೆಯ ಬಗ್ಗೆಯೂ ಇಲ್ಲಿ ಮಾತಾಡಲು ಆಗುವುದಿಲ್ಲ. ನಿಮ್ಮ ದೂರು ಕೇಳಲು ಸಿದ್ಧ, ಕ್ಲಿನಿಕ್‌ಗೆ ಫೋನ್ ಮಾಡಿ." ಇಷ್ಟು ಬರೆದು ಬಿಡಿ. ಮುಂದೆ ಓದುವವರು ಆ ಉತ್ತರದ ಧಾಟಿ ನೋಡುತ್ತಾರೆ.

ಕ್ಲಿನಿಕ್_ಮಾಲೀಕ
ಕಷ್ಟ ಇದೆ. ಸರಿ.

ಕೀಬೋರ್ಡ್_ಕೆಲಸ
ಡಾಕ್ಟರುಗಳು ಪ್ರೋಟೀನ್ ಪುಡಿ, ಹೇರ್ ಆಯಿಲ್ ಮಾರುವುದರ ಬಗ್ಗೆ ಏನು ಹೇಳುತ್ತೀರಿ? ನನಗೆ ಅದೇ ಜಾಸ್ತಿ ಸಿಟ್ಟು. ಕೊರಳಲ್ಲಿ ಸ್ಟೆತ್ ಹಾಕಿಕೊಂಡು ಹೇಳಿದರೆ ಜನ ನಂಬುತ್ತಾರೆ.

ಜನಾರೋಗ್ಯ
ದುಡ್ಡು ತೆಗೆದುಕೊಂಡಿದ್ದರೆ ಮೊದಲ ಸಾಲಿನಲ್ಲೇ ಹೇಳಬೇಕು. ಹ್ಯಾಷ್‌ಟ್ಯಾಗ್‌ಗಳ ಮಧ್ಯೆ ಹುದುಗಿಸಿಟ್ಟರೆ ಹೇಳಿದಂತಲ್ಲ. ನನ್ನ ಮಟ್ಟಿಗೆ, ನಾನು ರೋಗಿಗೆ ಚೀಟಿಯಲ್ಲಿ ಬರೆಯದ ವಸ್ತುವನ್ನು ಕ್ಯಾಮೆರಾ ಮುಂದೆ ಹಿಡಿಯುವುದಿಲ್ಲ.

ಗುಂಪಿನ_ಅಡ್ಮಿನ್
ವಾಟ್ಸಾಪ್ ಡಾಕ್ಟರ್ ಗುಂಪುಗಳನ್ನು ಮರೆಯಬೇಡಿ. ನಮ್ಮ ಗುಂಪಿನಲ್ಲಿ 200ಕ್ಕೂ ಜಾಸ್ತಿ ಜನ. ಇಸಿಜಿ, ಸ್ಕ್ಯಾನ್, ಗಾಯದ ಫೋಟೋ ದಿನವಿಡೀ ಬರುತ್ತವೆ. ಮೆಸೇಜ್ ದಾರಿಯಲ್ಲಿ ಗುಪ್ತವಾಗಿಯೇ ಹೋಗುತ್ತದೆ, ನಿಜ. ಆದರೆ ತಲುಪಿದ ಮೇಲೆ ಆ ಫೋಟೋ ಎಷ್ಟೋ ಜನರ ಗ್ಯಾಲರಿಗೆ ಹೋಗಿ ಕೂರುತ್ತದೆ. ಗ್ಯಾಲರಿಯಿಂದ ಕ್ಲೌಡ್‌ಗೆ. ಮನೆಯಲ್ಲಿ ಮಗು ಆಟ ಆಡಲು ಅದೇ ಫೋನ್ ಹಿಡಿಯುತ್ತದೆ. ಮೀಡಿಯಾ ತಾನಾಗಿ ಸೇವ್ ಆಗುವುದನ್ನು ಈಗಲೇ ಆಫ್ ಮಾಡಿ.

ಸುಮ್ನೆ_ಕೇಳ್ತೀನಿ
ಒಂದು ಪ್ರಶ್ನೆ. ಬ್ರಿಟನ್ನಿನಲ್ಲಿ ಡಾಕ್ಟರುಗಳ ನೋಂದಣಿ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್ 2013ರಲ್ಲಿ ಕೊಟ್ಟ ಸೂಚನೆಯಲ್ಲಿ, ಡಾಕ್ಟರ್ ಅಂತ ಹೇಳಿಕೊಂಡು ಸಾರ್ವಜನಿಕವಾಗಿ ಬರೆಯುವವರು ತಮ್ಮ ಹೆಸರನ್ನೂ ಹೇಳಬೇಕು ಅಂತ ಇತ್ತು. ನೀವೆಲ್ಲ ಇಲ್ಲಿ ಅಡ್ಡಹೆಸರಿನಲ್ಲಿ ಇದ್ದೀರಲ್ಲ?

ಜನಾರೋಗ್ಯ
ನ್ಯಾಯವಾದ ಪ್ರಶ್ನೆ. ಅದಕ್ಕೇ ಇಲ್ಲಿ ನಾವು ಯಾರಿಗೂ ಔಷಧಿ ಹೇಳುತ್ತಿಲ್ಲ, ನಮ್ಮ ನಮ್ಮ ನಡವಳಿಕೆ ಮಾತಾಡುತ್ತಿದ್ದೇವೆ. ಔಷಧಿ ಬಗ್ಗೆ ಬರೆಯುವ ನನ್ನ ಪೇಜ್‌ನಲ್ಲಿ ಹೆಸರು, ಡಿಗ್ರಿ, ನೋಂದಣಿ ಎಲ್ಲ ಇದೆ. ಓದುವವರು ಯಾರ ಮಾತು ನಂಬುತ್ತಿದ್ದೇವೆ ಅಂತ ಪರೀಕ್ಷಿಸಲು ಆಗಬೇಕು.

ಸ್ವಂತ ಅಕೌಂಟ್ ಬೇರೆ, ವೃತ್ತಿಯ ಅಕೌಂಟ್ ಬೇರೆ ಇಡುವುದೂ ಒಳ್ಳೆಯದು. ಬೇರೆ ಬೇರೆ ದೇಶಗಳ ವೈದ್ಯ ಸಂಘಗಳ ಒಕ್ಕೂಟ ವರ್ಲ್ಡ್ ಮೆಡಿಕಲ್ ಅಸೋಸಿಯೇಷನ್ 2011ರಲ್ಲೇ ಇದನ್ನು ಯೋಚಿಸಿ ಅಂದಿದೆ. ಆದರೂ ಬೀಗ ಹಾಕಿದ ಅಕೌಂಟ್ ಅಂತ ಮೈಮರೆಯಬಾರದು. ಒಂದು ಸ್ಕ್ರೀನ್‌ಶಾಟ್ ಸಾಕು.

ಮೂರನೇ_ವರ್ಷ
ಹಾಗಾದರೆ ಕೇಸ್ ಬಗ್ಗೆ ಬರೆಯಲೇಬಾರದಾ? ನನಗೆ ಪಾಠಕ್ಕಿಂತ ಕೇಸ್ ಓದಿದರೆ ನೆನಪಿರುತ್ತದೆ. ಹತ್ತು ರೋಗಿಗಳನ್ನು ಸೇರಿಸಿ ಒಬ್ಬರನ್ನು ಮಾಡಿದರೆ?

ಹಳೇ_ಸ್ಟೆತ್
ಅದು ಸುಳ್ಳು ಹೇಳಿದಂತೆ ಅಲ್ವಾ?

ಎಮರ್ಜೆನ್ಸಿ_ರಾತ್ರಿಪಾಳಿ
ಮೇಲೆಯೇ "ಇದು ಒಬ್ಬ ರೋಗಿಯ ಕಥೆಯಲ್ಲ, ಪಾಠಕ್ಕೆ ಕಟ್ಟಿದ್ದು" ಅಂತ ಬರೆದರೆ ಸುಳ್ಳಲ್ಲ ಸರ್. ಇನ್ನೂ ಸುಲಭ ದಾರಿ, ರೋಗಿಯನ್ನು ಬಿಟ್ಟು ಲಕ್ಷಣ ಬರೆಯುವುದು. ಸಂಜೆ ಮೇಡಂ ಪೋಸ್ಟ್ ಹೀಗಿರಬಹುದಿತ್ತು. "ಐವತ್ತು ದಾಟಿದೆಯಾ? ಹೊಸದಾಗಿ ತಲೆನೋವು, ತಲೆ ಬಾಚಿದರೆ ನೋವು, ಅಗಿದರೆ ದವಡೆ ನೋವು ಇದೆಯಾ? ನಾಳೆಗೆ ತಳ್ಳಬೇಡಿ, ಕಣ್ಣಿಗೆ ಅಪಾಯ ಇರಬಹುದು." ಟೀಚರ್ ಬೇಕಾಗೇ ಇರಲಿಲ್ಲ. ಇಂದು ನೋಡಿದ ಕೇಸನ್ನು ಇಂದೇ ಬರೆಯುವ ಅಭ್ಯಾಸವೂ ಬೇಡ.

ಸಂಜೆ_ಓಪಿಡಿ
ಎಲ್ಲ ಓದಿದೆ. ಒಂದೊಂದು ಸಾಲೂ.

ಅಮ್ಮನಿಗೆ ಫೋನ್ ಮಾಡಿದೆ. ತಪ್ಪಾಯಿತು, ನಿಮ್ಮನ್ನು ಕೇಳದೆ ಬರೆಯಬಾರದಿತ್ತು ಅಂದೆ. ನೆಪ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಕೇಳಿದ್ದರೆ ನಾನೇ ಬರೆದುಕೊಡ್ತಿದ್ದೆ" ಅಂದರು. ನನಗೆ ಮಾತೇ ಹೊರಡಲಿಲ್ಲ. ಪೋಸ್ಟ್ ಹಂಚಿಕೊಂಡವರಿಗೆ ಒಬ್ಬೊಬ್ಬರಿಗೇ ಬರೆದು ತೆಗೆಯಲು ಕೇಳುತ್ತಿದ್ದೇನೆ. ಸುಮಾರು ಜನ ತೆಗೆದಿದ್ದಾರೆ.

ಬರೆಯುವುದು ನಿಲ್ಲಿಸಲ್ಲ. ರಾತ್ರಿಪಾಳಿ ಅವರು ಹೇಳಿದಂತೆ ಲಕ್ಷಣಗಳನ್ನಷ್ಟೇ ಇಟ್ಟು ಮತ್ತೆ ಬರೆದಿದ್ದೇನೆ. ಹಾಕುವ ಮೊದಲು ಆ ಅಮ್ಮನಿಗೆ ಓದಿ ಹೇಳಿದೆ. ಅವರು "ದವಡೆ ನೋವು ಅಂದರೆ ಜನ ಹಲ್ಲುನೋವು ಅಂದುಕೊಳ್ಳುತ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ" ಅಂದರು. "ಅಗಿಯುತ್ತಾ ಹೋದಂತೆ ದವಡೆ ಸೋತು ನೋಯುತ್ತದೆ, ನಿಲ್ಲಿಸಿದರೆ ಕಡಿಮೆಯಾಗುತ್ತದೆ" ಅಂತ ತಿದ್ದಿದೆ. ಪಿನ್ ಮಾಡುವ ಸೂಚನೆಯೂ ಹಾಕಿದ್ದೇನೆ, ನೋಡಿ ಹೇಳಿ. "ಇದು ಮಾಹಿತಿಗೆ ಇರುವ ಪೇಜ್. ಇಲ್ಲಿ ಚಿಕಿತ್ಸೆ ಕೊಡುವುದಿಲ್ಲ. ನಿಮ್ಮ ರಿಪೋರ್ಟ್, ಫೋಟೋ ಕಾಮೆಂಟ್‌ನಲ್ಲಿ ಹಾಕಬೇಡಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ತಕ್ಷಣ ಎಮರ್ಜೆನ್ಸಿಗೆ ಹೋಗಿ."

ವಾರ್ಡ್_ಸಿಸ್ಟರ್
ಫೋನ್ ಮಾಡಿದ್ದು ತುಂಬಾ ಒಳ್ಳೆಯದಾಯಿತು ಮೇಡಂ.

ಎಮರ್ಜೆನ್ಸಿ_ರಾತ್ರಿಪಾಳಿ
ಕೊನೆಯ ಸಾಲನ್ನು ಮೊದಲು ತನ್ನಿ. ಅವಸರದಲ್ಲಿ ಇರುವವರು ಎರಡನೇ ಸಾಲಿನವರೆಗೆ ಓದಲ್ಲ. ಪಟ್ಟಿಗೆ "ಇದ್ದಕ್ಕಿದ್ದಂತೆ ಕಣ್ಣು ಕಾಣದಿರುವುದು" ಸೇರಿಸಿ.

ಸಂಜೆ_ಓಪಿಡಿ
ಸೇರಿಸಿದೆ. ಮೇಲೆ ತಂದೆ.

ಹಳೇ_ಸ್ಟೆತ್
ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಮೇಡಂ. ನಿಮ್ಮ ಆ ಟೀಚರ್ ವಯಸ್ಸಿನವರು ಓದಬೇಕಲ್ಲ.